ರಾಷ್ಟ್ರೀಯ ಸರಾಸರಿಯೊಳಗೆ ನಮ್ಮ ಮನೆ ಎಲ್ಲಿದೆ?

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯ ವಿಷಯ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಾಗ, ಇದು ವೇದಿಕೆಯ ಮೇಲೆ ಚರ್ಚಿಸುವಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನಿಸಿರಬಹುದು. ಶಿಕ್ಷಣದ ಬಗ್ಗೆ, ಉದ್ಯೋಗದ ಬಗ್ಗೆ, ಮೀಸಲಾತಿಯ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ. ಆದರೆ ತಿಂಗಳ ಮೊದಲ ವಾರದಲ್ಲಿ ಮನೆಯ ಮಾಲೀಕರು ಬಾಗಿಲು ತಟ್ಟಿದಾಗ ಒಳಗಿರುವ ತಾಯಿಯ ಎದೆ ಏಕೆ ಹೊಡೆದುಕೊಳ್ಳುತ್ತದೆ ಎಂಬ ಬಗ್ಗೆ ನಾವು ಸಾರ್ವಜನಿಕವಾಗಿ ಮಾತನಾಡಿದ್ದು ಕಡಿಮೆ. ಅದು ಆಯಾ ಮನೆಯ ಖಾಸಗಿ ಸಂಕಟವೆಂದು ಭಾವಿಸಿ ಸುಮ್ಮನಾಗಿದ್ದೇವೆ. ಇಂದು ಆ ಸಂಕಟವನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿ ನೋಡೋಣ.

ನಮ್ಮ ಊರುಗಳ ಬಗ್ಗೆ ಒಂದು ಮಾತು ಬಹಳ ಪ್ರಚಾರದಲ್ಲಿದೆ: “ಬೆಂಗಳೂರಿನಲ್ಲಿ ಬದುಕುವುದು ಕಷ್ಟ, ಕಡೂರಿನಲ್ಲಿ, ತರೀಕೆರೆಯಲ್ಲಿ ಏನಿದೆ? ಎಲ್ಲವೂ ಅಗ್ಗ.” ನಗರದಿಂದ ಹಬ್ಬಕ್ಕೆ ಬಂದ ಬಂಧುಗಳು ಇದನ್ನು ಹೇಳುತ್ತಾರೆ. ಸರ್ಕಾರದ ಕಡತಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ. ಕೇಳಿ ಕೇಳಿ ನಾವೂ ನಂಬಿಬಿಟ್ಟಿದ್ದೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಅದನ್ನು ಹೇಳುವುದೇ ನನ್ನ ಇಂದಿನ ಕೆಲಸ.

ಸರಾಸರಿ ಎಂದರೆ ಯಾರ ಸರಾಸರಿ?

ದೇಶದಲ್ಲಿ ಮನೆಯ ಬೆಲೆ ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆ ಅಂಕಿಗಳು ಎಲ್ಲಿಂದ ಬರುತ್ತವೆ? ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲಿ ಮನೆಗಳ ಬೆಲೆಯ ಸೂಚ್ಯಂಕವನ್ನು ಆರಂಭಿಸಿದಾಗ ಅದರಲ್ಲಿದ್ದುದು ಐದೇ ನಗರಗಳು. ನಂತರ ಅದು ಐವತ್ತು ನಗರಗಳಿಗೆ ವಿಸ್ತರಿಸಿತು. ರಿಸರ್ವ್ ಬ್ಯಾಂಕಿನ ಸೂಚ್ಯಂಕ ಹಲವು ವರ್ಷಗಳ ಕಾಲ ಹತ್ತು ಮಹಾನಗರಗಳ ನೋಂದಣಿ ದಾಖಲೆಗಳನ್ನು ಆಧರಿಸಿತ್ತು. ಕರ್ನಾಟಕದಿಂದ ಅದರಲ್ಲಿದ್ದುದು ಬೆಂಗಳೂರು ಮಾತ್ರ. ಚಿಕ್ಕಮಗಳೂರು ಜಿಲ್ಲೆಯ ಒಂದು ಊರೂ ಈ ಎರಡು ಪಟ್ಟಿಗಳಲ್ಲಿ ಇರಲಿಲ್ಲ. 2011ರ ಜನಗಣತಿಯಲ್ಲಿ ಕಡೂರು ಮತ್ತು ತರೀಕೆರೆ ಎರಡೂ ಸುಮಾರು 35 ಸಾವಿರ ಜನಸಂಖ್ಯೆಯ ಆಸುಪಾಸಿನಲ್ಲಿದ್ದ ಪಟ್ಟಣಗಳು. ಅಜ್ಜಂಪುರ ಇವೆರಡಕ್ಕಿಂತ ಚಿಕ್ಕದು. ಇಂಥ ಊರುಗಳು ದೇಶದಲ್ಲಿ ಸಾವಿರಾರು ಇವೆ. ಅವುಗಳನ್ನು ಹೊರಗಿಟ್ಟು ತೆಗೆದ ಸರಾಸರಿಗೆ ರಾಷ್ಟ್ರೀಯ ಸರಾಸರಿ ಎಂಬ ಹೆಸರು ದೊರೆತಿದೆ.

ಇನ್ನು ಬಾಡಿಗೆಯ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರದ 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ದೇಶದ ನಗರ ಪ್ರದೇಶಗಳಲ್ಲಿ ತಲಾ ಮಾಸಿಕ ಖರ್ಚು 6,459 ರೂಪಾಯಿ. ಅದರಲ್ಲಿ ಬಾಡಿಗೆಯ ಪಾಲು ಶೇಕಡಾ 6.56. ಲೆಕ್ಕ ಹಾಕಿ ನೋಡಿ: ತಲೆಗೆ ಸುಮಾರು 424 ರೂಪಾಯಿ, ನಾಲ್ವರ ಕುಟುಂಬಕ್ಕೆ ಸುಮಾರು 1,700 ರೂಪಾಯಿ. ಈ ಸಭೆಯಲ್ಲಿ ಬಾಡಿಗೆ ಮನೆಯಲ್ಲಿರುವ ಸಹೋದರರು ಕುಳಿತಿದ್ದಾರೆ. 1,700 ರೂಪಾಯಿಗೆ ನೀರು, ಶೌಚಾಲಯ, ಅಡುಗೆ ಕೋಣೆ ಇರುವ ಮನೆ ಎಲ್ಲಿ ಸಿಗುತ್ತದೆಂದು ನಾನು ಅವರನ್ನೇ ಕೇಳಬೇಕಾಗಿದೆ.

ಸಮೀಕ್ಷೆ ಸುಳ್ಳು ಹೇಳಿತೇ? ಇಲ್ಲ. ಅಂಕಿ ನಿಜ; ನಾವು ಅದನ್ನು ಓದುವ ರೀತಿ ತಪ್ಪು. ಆ ಸರಾಸರಿಯಲ್ಲಿ ಬಾಡಿಗೆ ಕೊಡುವವರ ಜೊತೆಗೆ, ಸ್ವಂತ ಮನೆಯಲ್ಲಿದ್ದು ಒಂದು ಪೈಸೆಯನ್ನೂ ಬಾಡಿಗೆಯಾಗಿ ಕೊಡದವರೂ ಸೇರಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದ ನಗರ ಕುಟುಂಬಗಳಲ್ಲಿ ಶೇಕಡಾ 69.2ರಷ್ಟು ಸ್ವಂತ ಮನೆಯಲ್ಲಿದ್ದವು, ಶೇಕಡಾ 27.5ರಷ್ಟು ಬಾಡಿಗೆ ಮನೆಯಲ್ಲಿದ್ದವು. ಎರಡು ಬೇರೆ ಬೇರೆ ವರ್ಷಗಳ ಅಂಕಿಗಳನ್ನು ಜೋಡಿಸುವುದು ಸ್ಥೂಲ ಲೆಕ್ಕವೇ ಸರಿ. ಆದರೂ ಆ ಬಾಡಿಗೆಯ ಮೊತ್ತವನ್ನು ಬಾಡಿಗೆದಾರರ ಮೇಲೆ ಮಾತ್ರ ಹಂಚಿದರೆ ನಾಲ್ವರ ಕುಟುಂಬದ ತಿಂಗಳ ಬಾಡಿಗೆ ಆರು ಸಾವಿರ ದಾಟುತ್ತದೆ. ಉಂಡವನನ್ನೂ ಉಪವಾಸವಿರುವವನನ್ನೂ ಒಟ್ಟಿಗೆ ಕೂರಿಸಿ, ಇಬ್ಬರೂ ಸರಾಸರಿ ಅರ್ಧ ಊಟ ಮಾಡಿದ್ದಾರೆಂದು ಹೇಳಿದಂತೆ ಇದು.

ಇನ್ನೊಂದು ಅಂಕಿಯನ್ನೂ ಗಮನಿಸಿ. 2012ನ್ನು ಮೂಲ ವರ್ಷವಾಗಿ ಇಟ್ಟುಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕದ ನಗರ ವಿಭಾಗದಲ್ಲಿ ವಸತಿಗೆ ಶೇಕಡಾ 21.67ರಷ್ಟು ತೂಕ ನೀಡಲಾಗಿತ್ತು. ಒಂದೆಡೆ ಆರೂವರೆ, ಇನ್ನೊಂದೆಡೆ ಇಪ್ಪತ್ತೊಂದೂವರೆ! ಸೂಚ್ಯಂಕದಲ್ಲಿ ಸ್ವಂತ ಮನೆಯವರ ಮನೆಗೂ, ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಊಹಿಸಿ ಸೇರಿಸಿದ್ದರಿಂದ ಈ ಅಂತರ. ಅದೇ ಸೂಚ್ಯಂಕದ ಗ್ರಾಮೀಣ ವಿಭಾಗದಲ್ಲಾದರೋ ವಸತಿಗೆ ಸ್ಥಾನವೇ ಇರಲಿಲ್ಲ. ಪಟ್ಟಣದ ಅಂಚಿನಲ್ಲಿ, ಗ್ರಾಮ ಪಂಚಾಯಿತಿಯ ಎಲ್ಲೆಯೊಳಗೆ ಬಾಡಿಗೆ ಕೊಟ್ಟು ಬದುಕುವ ಕುಟುಂಬದ ಖರ್ಚಿಗೆ ಆ ಸೂಚ್ಯಂಕದಲ್ಲಿ ಕಾಲಂ ಇರಲಿಲ್ಲ. ಆದ್ದರಿಂದ ಯಾರಾದರೂ “ರಾಷ್ಟ್ರೀಯ ಸರಾಸರಿಗಿಂತ ನಿಮ್ಮ ಊರು ಅಗ್ಗ” ಎಂದರೆ, ಯಾವ ಸರಾಸರಿ, ಅದರಲ್ಲಿ ಯಾರನ್ನು ಸೇರಿಸಿದ್ದೀರಿ, ಯಾರನ್ನು ಬಿಟ್ಟಿದ್ದೀರಿ ಎಂದು ವಿನಯದಿಂದ ಕೇಳುವುದನ್ನು ನಾವು ಕಲಿಯಬೇಕು.

ಅಗ್ಗವಾದುದು ನೆಲ ಮಾತ್ರ

ಮನೆಯೊಂದರ ಬೆಲೆಯಲ್ಲಿ ಮೂರು ಅಂಶಗಳಿರುತ್ತವೆ: ನೆಲ, ಕಟ್ಟಡ ಮತ್ತು ಹಣದ ಬೆಲೆ, ಅಂದರೆ ಸಾಲದ ಬಡ್ಡಿ.

ನೆಲದ ಬೆಲೆಯನ್ನು ಊರು ನಿರ್ಧರಿಸುತ್ತದೆ. ಈ ವಿಷಯದಲ್ಲಿ ಕಡೂರು ಖಂಡಿತವಾಗಿಯೂ ಬೆಂಗಳೂರಿಗಿಂತ ಅಗ್ಗ. ಆದರೆ ಸಿಮೆಂಟಿನ ಚೀಲಕ್ಕೆ ಕಡೂರು ಯಾವುದು, ಬೆಂಗಳೂರು ಯಾವುದು ಎಂಬ ಭೇದ ಗೊತ್ತಿಲ್ಲ. ಕಬ್ಬಿಣ, ವೈರು, ಪೈಪು, ಟೈಲ್ಸು, ಬಣ್ಣ ಇವೆಲ್ಲವೂ ದೇಶದ ಮಾರುಕಟ್ಟೆಯ ದರದಲ್ಲೇ ಬರುತ್ತವೆ. ಕೆಲವೊಮ್ಮೆ ಲಾರಿ ಬಾಡಿಗೆಯನ್ನೂ ಸೇರಿಸಿಕೊಂಡು ಬರುತ್ತವೆ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರವರೆಗೆ ಶೇಕಡಾ 28ರಷ್ಟಿತ್ತು, ನಂತರ 18ಕ್ಕೆ ಇಳಿಯಿತು. ಈ ತೆರಿಗೆ ಅಂಬಾನಿಯ ಮನೆಗೂ ಅಜ್ಜಂಪುರದ ಹಮಾಲಿಯ ಮನೆಗೂ ಒಂದೇ. ಮಳೆ ಕಡಿಮೆಯಿರುವ ಕಡೂರಿನ ಬಯಲಿನಲ್ಲಿ ಸಂಪು, ಟ್ಯಾಂಕು, ಕೆಲವೊಮ್ಮೆ ಕೊಳವೆಬಾವಿ ಎಂದು ಮನೆಯ ಗೋಡೆ ಏಳುವ ಮೊದಲೇ ಹಣ ನೆಲದೊಳಗೆ ಇಳಿದುಹೋಗುತ್ತದೆ.

ಹಣದ ಬೆಲೆಯೂ ರಾಷ್ಟ್ರೀಯವೇ. ಬ್ಯಾಂಕು ಸಣ್ಣ ಊರಿನವನೆಂದು ಬಡ್ಡಿ ಕಡಿಮೆ ಮಾಡುವುದಿಲ್ಲ. ಬದಲಾಗಿ ಸಂಬಳದ ಚೀಟಿ ಇಲ್ಲ, ಆದಾಯ ತೆರಿಗೆಯ ವಿವರ ಇಲ್ಲವೆಂದು ಅವನನ್ನು ವಾಪಸು ಕಳುಹಿಸುತ್ತದೆ. ಆಗ ಆತ ಹೆಚ್ಚು ಬಡ್ಡಿಯ ಖಾಸಗಿ ಫೈನಾನ್ಸಿನ ಬಾಗಿಲಿಗೆ ಹೋಗುತ್ತಾನೆ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಸಾಲ ಕೊಡಲು ತಕ್ಕುದಲ್ಲದ ವಲಯಗಳೆಂದು ಗುರುತಿಸಿಟ್ಟಿರುವುದನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತ್ತು.

ಹೀಗೆ ಮೂರರಲ್ಲಿ ಎರಡು ಅಂಶಗಳು ರಾಷ್ಟ್ರೀಯ ದರದಲ್ಲಿವೆ. ಆದರೆ ನಮ್ಮ ಕೂಲಿ, ನಮ್ಮ ವ್ಯಾಪಾರದ ಲಾಭ ಮಾತ್ರ ಸ್ಥಳೀಯ ದರದಲ್ಲಿದೆ. ಸಮಸ್ಯೆಯ ಗಂಟು ಇರುವುದು ಇಲ್ಲಿಯೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇವು ನಾನು ತಿಳುವಳಿಕೆಗಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ನಿಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಿ. ಬೆಂಗಳೂರಿನ ಒಂದು ಕುಟುಂಬ ತಿಂಗಳಿಗೆ 60 ಸಾವಿರ ಗಳಿಸಿ 18 ಸಾವಿರ ಬಾಡಿಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ತರೀಕೆರೆಯಲ್ಲಿ ಗ್ಯಾರೇಜಿನಲ್ಲಿ ದುಡಿಯುವವರ ಕುಟುಂಬ 15 ಸಾವಿರ ಗಳಿಸಿ 5 ಸಾವಿರ ಬಾಡಿಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಬಾಡಿಗೆಯಲ್ಲಿ ಯಾರದು ಅಗ್ಗ? ತರೀಕೆರೆಯದು, ಬೆಂಗಳೂರಿನ ಮೂರನೆಯ ಒಂದು ಪಾಲೂ ಇಲ್ಲ. ಹೊರೆಯಲ್ಲಿ ಯಾರದು ಹೆಚ್ಚು? ಅಲ್ಲಿ ಶೇಕಡಾ 30, ಇಲ್ಲಿ ಶೇಕಡಾ 33. ಬಾಡಿಗೆ ಕೊಟ್ಟ ನಂತರ ಬೆಂಗಳೂರಿನವನ ಕೈಯಲ್ಲಿ 42 ಸಾವಿರ ಉಳಿಯುತ್ತದೆ, ತರೀಕೆರೆಯವನ ಕೈಯಲ್ಲಿ 10 ಸಾವಿರ. ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರು, ಮಕ್ಕಳ ಶುಲ್ಕ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಆ ಹತ್ತು ಸಾವಿರದಲ್ಲಿ ಆಗಬೇಕು.

ಮನೆ ಕಟ್ಟುವ ಲೆಕ್ಕವನ್ನೂ ನೋಡೋಣ. 20 ಅಡಿ ಅಗಲ, 30 ಅಡಿ ಉದ್ದದ ಅರ್ಧ ಸೈಟಿಗೆ 6 ಲಕ್ಷವೆಂದುಕೊಳ್ಳಿ. ಚದರಕ್ಕೆ 2 ಲಕ್ಷದಂತೆ ಆರು ಚದರದ ಸಾಧಾರಣ ಮನೆಗೆ 12 ಲಕ್ಷ. ಒಟ್ಟು 18 ಲಕ್ಷ. ತಿಂಗಳಿಗೆ 15 ಸಾವಿರದವನ ವರ್ಷದ ಆದಾಯ 1 ಲಕ್ಷ 80 ಸಾವಿರ. ಅಂದರೆ ಮನೆಯ ಬೆಲೆ ವಾರ್ಷಿಕ ಆದಾಯದ ಹತ್ತು ಪಟ್ಟು! ಕೇಂದ್ರ ಸರ್ಕಾರ ದೀಪಕ್ ಪಾರೇಖ್‌ರವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಕಾರ್ಯಪಡೆ 2008ರಲ್ಲಿ ಒಂದು ಅಳತೆಗೋಲನ್ನು ನೀಡಿತ್ತು: ಕಡಿಮೆ ಆದಾಯದ ಕುಟುಂಬಕ್ಕೆ ಮನೆಯ ಬೆಲೆ ವಾರ್ಷಿಕ ಆದಾಯದ ನಾಲ್ಕು ಪಟ್ಟನ್ನು ಮೀರಬಾರದು, ಕಂತು ಅಥವಾ ಬಾಡಿಗೆ ಆದಾಯದ ಶೇಕಡಾ 30ನ್ನು ಮೀರಬಾರದು. ಈಗ ನಿವೇಶನದ ಬೆಲೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ಆಗಲೂ ಒಟ್ಟು 15 ಲಕ್ಷ, ಎಂಟು ಪಟ್ಟಿಗಿಂತ ಹೆಚ್ಚು. ನೆಲವನ್ನು ಪೂರ್ತಿ ಉಚಿತವಾಗಿ ಕೊಟ್ಟರೂ ಆರೂವರೆ ಪಟ್ಟಿಗೂ ಹೆಚ್ಚು. “ನಿಮ್ಮ ಊರಿನಲ್ಲಿ ಜಾಗ ಅಗ್ಗ” ಎಂಬ ಸಮಾಧಾನದ ತೂಕ ಇಷ್ಟೇ.

ಬ್ಯಾಂಕಿನಿಂದ 10 ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 9 ಸಾವಿರ. ಒಟ್ಟು ಮರಳಿಸುವುದು 21 ಲಕ್ಷ 60 ಸಾವಿರದಷ್ಟು. ಪಡೆದ ಸಾಲಕ್ಕಿಂತ ಬಡ್ಡಿಯೇ ದೊಡ್ಡದು. ಬಡ್ಡಿಯ ನಿಷೇಧವನ್ನು ಕೇವಲ ಧಾರ್ಮಿಕ ಕಟ್ಟಳೆಯೆಂದು ನೋಡುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಊರು ಬೆಳೆದಾಗ ಯಾರು ಬೆಳೆಯುತ್ತಾರೆ?

ನಮ್ಮ ಮೂರು ಊರುಗಳೂ ನಿಂತ ನೀರಲ್ಲ. ಕಡೂರು ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿದೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಸಂಚಾರ ಆರಂಭವಾಯಿತು. ತರೀಕೆರೆಗೆ ಬೀರೂರು-ಶಿವಮೊಗ್ಗ ಮಾರ್ಗವೂ ರಾಷ್ಟ್ರೀಯ ಹೆದ್ದಾರಿಯೂ ಇವೆ. ಅಮೃತ್ ಮಹಲ್ ತಳಿಯ ದನಗಳಿಗೂ ಈರುಳ್ಳಿಗೂ ಹೆಸರಾದ ಅಜ್ಜಂಪುರ ತರೀಕೆರೆ ತಾಲ್ಲೂಕಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿದೆ. ಇವೆಲ್ಲವೂ ಸಂತೋಷದ ಸಂಗತಿಗಳು. ಆದರೆ ತಾಲ್ಲೂಕು ಕಚೇರಿ ಬಂದರೆ ಜೊತೆಗೆ ನೌಕರರು ಬರುತ್ತಾರೆ, ಅವರಿಗೆ ಬಾಡಿಗೆ ಮನೆಗಳು ಬೇಕಾಗುತ್ತವೆ, ಮನೆಗಳು ಏಕಾಏಕಿ ಹೆಚ್ಚಾಗುವುದಿಲ್ಲ. ರಸ್ತೆ ಅಗಲವಾಗುತ್ತದೆಂದು ಸುದ್ದಿ ಹಬ್ಬಿದರೆ ಸಾಕು, ಪಕ್ಕದ ಹೊಲ ರಾತ್ರೋರಾತ್ರಿ ಬಡಾವಣೆಯಾಗುತ್ತದೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಅದರ ಲಾಭ ನಿವೇಶನಗಳ ಮೇಲೆ ಬಂದು ಕೂರುತ್ತದೆ. ತೋಟವಿದ್ದವನಿಗೆ ಅದು ಗಳಿಕೆ. ಅದೇ ಅಡಿಕೆಯನ್ನು ಸುಲಿಯುವ ಹೆಣ್ಣುಮಗಳಿಗೆ ಅದು ಬಾಡಿಗೆಯ ಏರಿಕೆ.

ಕೇಂದ್ರ ಸರ್ಕಾರ ತನ್ನ ನೌಕರರ ಮನೆ ಬಾಡಿಗೆ ಭತ್ಯೆಗಾಗಿ ನಗರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. 2024ರ ಜನವರಿಯಿಂದ ಮೂಲವೇತನದ ಶೇಕಡಾ 30, 20 ಮತ್ತು 10ರಂತೆ ಭತ್ಯೆ ಇದೆ. ಬೆಂಗಳೂರು ಮೊದಲನೆಯ ವರ್ಗದಲ್ಲಿ, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಮ್ಮಂಥ ಊರುಗಳು ಕೊನೆಯ ವರ್ಗದಲ್ಲಿ. 18 ಸಾವಿರ ಮೂಲವೇತನದ ನೌಕರನಿಗೆ ಬೆಂಗಳೂರಿನಲ್ಲಿ 5,400 ರೂಪಾಯಿ, ಕಡೂರಿನಲ್ಲಿ 1,800 ರೂಪಾಯಿ. ಮೂರು ಪಟ್ಟು ವ್ಯತ್ಯಾಸವನ್ನು ಒಪ್ಪಿಕೊಂಡರೂ, 1,800 ರೂಪಾಯಿಗೆ ಮನೆ ಸಿಗುತ್ತದೆಂಬ ಊಹೆಯನ್ನು ಒಪ್ಪಿಕೊಳ್ಳುವುದು ಹೇಗೆ? ಆದರೂ ಆ ನೌಕರನಿಗೆ ಭತ್ಯೆಯೆಂಬುದು ಒಂದಿದೆ. ಹಣ್ಣಿನ ಗಾಡಿಯವನಿಗೆ, ತೆಂಗಿನಕಾಯಿ ಮಂಡಿಯ ಕೂಲಿಗೆ ಅದೂ ಇಲ್ಲ.

ಪರದೆಯ ಹಿಂದಿನ ಕೊರತೆ

ಸಹೋದರರೇ, ಅಂಕಿಗಳಲ್ಲಿ ಕಾಣದ ಕೊರತೆಯೊಂದಿದೆ. 2012-17ರ ಯೋಜನಾವಧಿಗಾಗಿ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳ ವಸತಿ ಕೊರತೆಯನ್ನು ಅಂದಾಜು ಮಾಡಿತು. ದೇಶದಲ್ಲಿ 1 ಕೋಟಿ 87 ಲಕ್ಷ 80 ಸಾವಿರ ಮನೆಗಳ ಕೊರತೆ. ಕರ್ನಾಟಕದಲ್ಲಿ ಸುಮಾರು 10 ಲಕ್ಷ 20 ಸಾವಿರ. ಬೀದಿಯಲ್ಲಿ ಮಲಗುವವರು ಇದರಲ್ಲಿ ಸಣ್ಣ ಪಾಲು. ಸುಮಾರು ಶೇಕಡಾ 80ರಷ್ಟು ಕೊರತೆ ಇಕ್ಕಟ್ಟಿನಿಂದ ಉಂಟಾದುದು. ಅಂದರೆ ತಲೆಯ ಮೇಲೆ ಸೂರಿದೆ, ಆದರೆ ಮದುವೆಯಾದ ದಂಪತಿಗಳಿಗೆ ಪ್ರತ್ಯೇಕವಾದ ಒಂದು ಕೋಣೆ ಇಲ್ಲ. ಇಡೀ ಕೊರತೆಯಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಅದೇ ಹೊತ್ತಿಗೆ 2011ರ ಜನಗಣತಿ ದೇಶದ ನಗರಗಳಲ್ಲಿ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿರುವುದನ್ನು ಎಣಿಸಿತ್ತು. ಮನೆಯಿಲ್ಲದ ಜನ ಒಂದು ಕಡೆ, ಜನರಿಲ್ಲದ ಮನೆ ಇನ್ನೊಂದು ಕಡೆ!

ಇಕ್ಕಟ್ಟು ಎಂಬ ಆ ಒಣ ಶಬ್ದದ ಅರ್ಥ ನಮ್ಮ ಮೊಹಲ್ಲಾಗಳಿಗೆ ಚೆನ್ನಾಗಿ ಗೊತ್ತು. ಎರಡು ಕೋಣೆಯ ಹೆಂಚಿನ ಮನೆ. ಅಬ್ಬಾ, ಅಮ್ಮೀ, ಮದುವೆಯಾದ ಹಿರಿಯ ಮಗ, ಸೊಸೆ, ಓದುವ ಮಗಳು, ಕಿರಿಯ ಮಗ. ಕೋಣೆಯ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟ ಹಳೆಯ ಸೀರೆ. ಸೊಸೆ ಎಲ್ಲರೂ ಮಲಗಿದ ಮೇಲೆ ಮಲಗಿ ಎಲ್ಲರೂ ಏಳುವ ಮೊದಲು ಏಳಬೇಕು. ಎಸ್ಸೆಸ್ಸೆಲ್ಸಿ ಓದುವ ಮಗಳು ಅಡುಗೆ ಮನೆಯಲ್ಲಿ ಪುಸ್ತಕ ಹಿಡಿದು ಕೂರಬೇಕು. ಆಮೇಲೆ ಅತ್ತೆ ಸೊಸೆಯರ ಜಗಳ ಜಮಾಅತ್ ಕಮಿಟಿಯ ಮುಂದೆ ಬರುತ್ತದೆ. ನಾವು ಇಬ್ಬರಿಗೂ ಸಬ್ರ್‌ನ ಉಪದೇಶ ಮಾಡಿ ಕಳುಹಿಸುತ್ತೇವೆ. ಅವರಿಗೆ ಬೇಕಾಗಿದ್ದುದು ಸಬ್ರ್ ಎಷ್ಟೋ, ಹತ್ತಡಿ ಉದ್ದದ ಒಂದು ಗೋಡೆಯೂ ಅಷ್ಟೇ ಎಂದು ನಮಗೆ ಹೊಳೆಯುವುದಿಲ್ಲ. ಹುಡುಗಿಯರು ಓದಿನಲ್ಲಿ ಹಿಂದೆ ಬೀಳುವುದಕ್ಕೂ, ಯುವಕರು ರಾತ್ರಿ ಹನ್ನೊಂದರವರೆಗೆ ಬೀದಿಯಲ್ಲಿ ನಿಲ್ಲುವುದಕ್ಕೂ ಈ ಇಕ್ಕಟ್ಟಿಗೂ ಸಂಬಂಧವಿದೆಯೇ ಎಂದು ನಾವು ಗಂಭೀರವಾಗಿ ಯೋಚಿಸಬೇಕು.

ಇದು ಮುಸ್ಲಿಮರ ಸಮಸ್ಯೆ ಮಾತ್ರವೆಂದು ನಾನು ಹೇಳುತ್ತಿಲ್ಲ. ಪಕ್ಕದ ಕೇರಿಯ ದಲಿತ ಕುಟುಂಬದ್ದೂ, ಹಿಂದುಳಿದ ವರ್ಗದ ಮೇಸ್ತ್ರಿಯದೂ ಇದೇ ಕಥೆ. ಆದರೆ 2001ರ ಜನಗಣತಿಯಲ್ಲಿ ದೇಶದ ಒಟ್ಟು ಜನರಲ್ಲಿ ಶೇಕಡಾ 27.8ರಷ್ಟು ನಗರವಾಸಿಗಳಾಗಿದ್ದರೆ ಮುಸ್ಲಿಮರಲ್ಲಿ ಆ ಪ್ರಮಾಣ ಶೇಕಡಾ 35.7ರಷ್ಟಿತ್ತು. ನಮ್ಮ ರಾಜ್ಯದಲ್ಲಂತೂ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣ, ನಗರಗಳಲ್ಲಿದ್ದಾರೆ. ಹೊಲವಿಲ್ಲದವರು, ಹಳ್ಳಿಯಲ್ಲಿ ಹಿರಿಯರ ಮನೆಯಿಲ್ಲದವರು ಪಟ್ಟಣದ ಬಾಡಿಗೆಯ ಏರಿಳಿತಕ್ಕೆ ಬೇಗ ಸಿಲುಕುತ್ತಾರೆ. ಜೊತೆಗೆ, ಹೆಸರು ಕೇಳಿದೊಡನೆ “ಮನೆ ಬೇರೆಯವರಿಗೆ ಕೊಟ್ಟಾಯಿತು” ಎಂಬ ಉತ್ತರ ಬರುವ ಅನುಭವ ನಮ್ಮಲ್ಲಿ ಹಲವರಿಗಿದೆ. ಹುಡುಕುವ ಬೀದಿಗಳು ಕಡಿಮೆಯಾದಷ್ಟೂ ಇರುವ ಬೀದಿಗಳಲ್ಲಿ ಬಾಡಿಗೆ ಏರುತ್ತದೆ.

ಭೋಗ್ಯ, ಖಾತೆ ಮತ್ತು ಕಾಗದ

ಬಾಡಿಗೆಯ ಕಾಟ ತಪ್ಪಿಸಿಕೊಳ್ಳಲು ನಮ್ಮಲ್ಲಿ ಅನೇಕರು ಹಿಡಿಯುವ ದಾರಿ ಭೋಗ್ಯ ಅಥವಾ ಲೀಸು. ಎರಡೋ ಮೂರೋ ಲಕ್ಷವನ್ನು ಒಟ್ಟಿಗೆ ಮಾಲೀಕರಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೇ ಹಣ ವಾಪಸು ಪಡೆಯುವುದು. ಮೇಲ್ನೋಟಕ್ಕೆ ಇಬ್ಬರಿಗೂ ಲಾಭ. ಕೊಟ್ಟ ಹಣ ಸಾಲವೆಂದಾದರೆ ಬಾಡಿಗೆಯಿಲ್ಲದೆ ವಾಸಿಸುವುದು ಆ ಸಾಲದ ಮೇಲೆ ಪಡೆದ ಲಾಭವಲ್ಲವೇ ಎಂದು ಅನೇಕ ವಿದ್ವಾಂಸರು ಇದನ್ನು ಬಡ್ಡಿಯ ಸಾಲಿಗೆ ಸೇರಿಸಿದ್ದಾರೆ. ಆ ಪ್ರಶ್ನೆಯನ್ನು ನೀವು ಉಲಮಾಗಳೊಂದಿಗೆ ಇತ್ಯರ್ಥ ಮಾಡಿಕೊಳ್ಳಿ. ನಾನು ಹೇಳಬೇಕಾಗಿರುವುದು ಕಾಗದದ ವಿಷಯ. ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಬರೆದು, ನೋಂದಣಿಯಿಲ್ಲದೆ, ಕೆಲವೊಮ್ಮೆ ಬಾಯಿಮಾತಿನ ಮೇಲೆ ಲಕ್ಷಾಂತರ ರೂಪಾಯಿ ಕೈ ಬದಲಾಗುತ್ತದೆ. ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಅಡಮಾನ ಕಾನೂನಿನಲ್ಲಿ ನಿಲ್ಲಬೇಕಾದರೆ ಅದು ನೋಂದಣಿಯಾಗಿರಬೇಕು. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ಮಾಲೀಕ ತೀರಿಕೊಂಡು ಮಕ್ಕಳು “ನಮಗೆ ಗೊತ್ತಿಲ್ಲ” ಎಂದ ದಿನ ಜೀವಮಾನದ ಉಳಿತಾಯ ಹೋಯಿತೆಂದೇ ಅರ್ಥ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡಬೇಕೆಂಬ ವಿವರವಾದ ಆದೇಶ ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದಲ್ಲಿದೆ. ಅದನ್ನು ಪಾರಾಯಣ ಮಾಡುವ ನಾವೇ ವ್ಯವಹಾರದಲ್ಲಿ “ನಂಬಿಕೆಯ ಮೇಲೆ ನಡೆಯಲಿ” ಎನ್ನುತ್ತೇವೆ.

ನಿವೇಶನದ ಕಥೆಯೂ ಇದೇ. ಭೂ ಪರಿವರ್ತನೆಯಾಗದ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ಸೈಟು ಅಗ್ಗವಾಗಿ ಸಿಗುತ್ತದೆ. ಬಡವ ಅದನ್ನೇ ಕೊಳ್ಳುತ್ತಾನೆ. ಆದರೆ ಖಾತೆ ಸರಿಯಿಲ್ಲದ ನಿವೇಶನಕ್ಕೆ ಬ್ಯಾಂಕಿನ ಸಾಲ ಸಿಗುವುದು ದುಸ್ತರ, ಕಟ್ಟಡ ಪರವಾನಗಿ ದುಸ್ತರ, ಸರ್ಕಾರದ ವಸತಿ ಯೋಜನೆಯ ನೆರವೂ ದುಸ್ತರ. 2024ರಲ್ಲಿ ರಾಜ್ಯದಲ್ಲಿ ಆಸ್ತಿಗಳ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯಗೊಳಿಸಲಾಯಿತು. 2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ನೀಡುವ ಅಭಿಯಾನವನ್ನು ಸರ್ಕಾರ ಆರಂಭಿಸಿತು. ಬಿ-ಖಾತೆಯಿಂದ ತೆರಿಗೆಯ ದಾಖಲೆ ಆಗುತ್ತದೆಯೇ ಹೊರತು ಬಡಾವಣೆ ಸಕ್ರಮವಾಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಇನ್ನು ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲವೂ ಸೇರಿ ಪಟ್ಟಣದಲ್ಲಿ ಶೇಕಡಾ 7.6. ಆರು ಲಕ್ಷದ ಸೈಟಿಗೆ 45,600 ರೂಪಾಯಿ. ಹೀಗೆ ಅಗ್ಗದ ಊರಿನಲ್ಲಿ ಅಗ್ಗದ ಸೈಟು ಕೊಂಡವನು ಒಂದೊಂದೇ ಮೆಟ್ಟಿಲಿನಲ್ಲಿ ಆ ಅಗ್ಗದ ಬೆಲೆ ತೆರುತ್ತಾ ಹೋಗುತ್ತಾನೆ.

ನಾವು ಮಾಡಬಹುದಾದುದು

ಸರ್ಕಾರವನ್ನು ದೂರುವುದು ಸುಲಭ, ಕೆಲವೊಮ್ಮೆ ಅಗತ್ಯ ಕೂಡ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಒಂದು ದೊಡ್ಡ ಅಂಗ ಬಡ್ಡಿಯ ಮೇಲಿನ ರಿಯಾಯಿತಿಯಾಗಿತ್ತು. ಬ್ಯಾಂಕಿನ ಸಾಲ ಸಿಗದವರಿಗೆ, ಬಡ್ಡಿಯ ಸಾಲ ಬೇಡವೆಂದವರಿಗೆ ಅದರಿಂದ ಪ್ರಯೋಜನವಿರಲಿಲ್ಲ. ಆದರೆ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ನೇರ ಸಹಾಯಧನ ನೀಡುವ ಅಂಗವೂ ಅದರಲ್ಲಿತ್ತು. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೇ ಹಂತದಲ್ಲೂ ಅದು ಮುಂದುವರಿದಿದೆ; ನೆರವು 2.5 ಲಕ್ಷ ರೂಪಾಯಿಗಳವರೆಗೆ. ವಾರ್ಷಿಕ ಆದಾಯ 3 ಲಕ್ಷದೊಳಗಿರಬೇಕು, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು, ನಿವೇಶನದ ದಾಖಲೆ ಇರಬೇಕು. ಹಿಂದಿರುಗಿಸಬೇಕಾದ ಸಾಲವಲ್ಲ ಅದು, ನಮ್ಮ ತೆರಿಗೆಯ ಹಣದಿಂದ ಬರುವ ಹಕ್ಕು. ಪುರಸಭೆಗೆ ಅರ್ಜಿ ಹಾಕದೆ “ನಮಗೆ ಯಾರು ಕೊಡುತ್ತಾರೆ” ಎಂದು ಮನೆಯಲ್ಲಿ ಕೂರುವುದು ಸರಿಯಲ್ಲ.

ಆದುದರಿಂದ ನನ್ನ ಮೊದಲ ಸಲಹೆ: ರಾಷ್ಟ್ರೀಯ ಸರಾಸರಿಯಲ್ಲಿ ನಾವಿಲ್ಲದಿದ್ದರೆ ನಮ್ಮ ಲೆಕ್ಕವನ್ನು ನಾವೇ ಬರೆದುಕೊಳ್ಳೋಣ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಮನೆಗಳಿಗೆ ಹೋಗಿ ಐದೇ ಪ್ರಶ್ನೆ ಕೇಳಲಿ. ಮನೆ ಸ್ವಂತವೋ, ಬಾಡಿಗೆಯೋ, ಭೋಗ್ಯವೋ? ತಿಂಗಳಿಗೆ ಎಷ್ಟು ಕೊಡುತ್ತೀರಿ? ಆದಾಯದಲ್ಲಿ ಅದು ಎಷ್ಟನೇ ಪಾಲು? ಕೋಣೆಗಳೆಷ್ಟು, ದಂಪತಿಗಳೆಷ್ಟು? ಖಾತೆ ಯಾರ ಹೆಸರಿನಲ್ಲಿದೆ? ಹೆಸರುಗಳನ್ನು ಗುಟ್ಟಾಗಿಟ್ಟು, ಮೊತ್ತವನ್ನು ಮಾತ್ರ ಬರೆದು, ಪಕ್ಕದ ಕೇರಿಗಳ ಸಂಘಟನೆಗಳನ್ನೂ ಜೊತೆಗೆ ಸೇರಿಸಿಕೊಂಡು ಪುರಸಭೆಯ ಮುಂದಿಟ್ಟರೆ ಅದಕ್ಕೊಂದು ಬಲವಿರುತ್ತದೆ. ಅಂಕಿಯಿಲ್ಲದ ಬೇಡಿಕೆ ಗೋಳಾಗಿಯೇ ಉಳಿಯುತ್ತದೆ.

ಎರಡನೆಯದು: ನಮ್ಮಲ್ಲಿ ಕೈಯಲ್ಲಿ ನಾಲ್ಕು ಕಾಸಿರುವವರು ಸೇರಿ ನಿಧಿ ಮಾಡಿ, ಮುಂಗಡದ ಹಣಕ್ಕೋ ಛಾವಣಿಯ ಖರ್ಚಿಗೋ ಬಡ್ಡಿರಹಿತ ಸಾಲ ಕೊಡಬಹುದು. ಆದರೆ ನೋಂದಾಯಿತ ಸಂಸ್ಥೆ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ, ಮಸೀದಿಯ ಫಲಕದಲ್ಲಿ ಲೆಕ್ಕಪತ್ರ ಇವು ಕಡ್ಡಾಯವಾಗಿರಬೇಕು. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಬಡ್ಡಿಯಿಲ್ಲದ ಲಾಭವೆಂಬ ಮಾತನ್ನು ನಂಬಿ ಹಣ ಹೂಡಿದ ಸಾವಿರಾರು ಕುಟುಂಬಗಳು ಬೀದಿಗೆ ಬಂದುದನ್ನು ನಾವು ಕಂಡಿದ್ದೇವೆ. ಗಡ್ಡ, ಟೋಪಿಗಳು ಲೆಕ್ಕ ತಪಾಸಣೆಗೆ ಬದಲಿಯಲ್ಲ.

ಮೂರನೆಯದು ಮನೆ ಮಾಲೀಕರಾಗಿರುವ ಸಹೋದರರಿಗೆ. ಬೇರೆಯವರು ನಮಗೆ ಮನೆ ಕೊಡುವುದಿಲ್ಲವೆಂದು ನೊಂದುಕೊಳ್ಳುವ ನಾವು, ನಮ್ಮ ಮನೆಯನ್ನು ವಿಧವೆಗೆ ಕೊಡುತ್ತೇವೆಯೇ? ನಾಲ್ಕು ಮಕ್ಕಳಿರುವವನಿಗೆ ಕೊಡುತ್ತೇವೆಯೇ? ವಲಸೆ ಬಂದ ಕೂಲಿಯವನಿಗೆ ಕೊಡುತ್ತೇವೆಯೇ? ಪ್ರತಿವರ್ಷ ಬಾಡಿಗೆ ಏರಿಸುವಾಗ ಆತನ ಕೂಲಿ ಏರಿದೆಯೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಕೊನೆಯದಾಗಿ, ಕಹಿಯಾದರೂ ಹೇಳಲೇಬೇಕಾದ ಮಾತು. ಶಾದಿಮಹಲಿನಲ್ಲಿ ಒಂದು ಮಧ್ಯಾಹ್ನದ ಬಿರಿಯಾನಿಗೆ, ದೀಪಾಲಂಕಾರಕ್ಕೆ, ವಧುವಿನ ಕಡೆಯವರಿಂದ ಪಡೆಯುವ ಗಾಡಿಗೆ, ಪೀಠೋಪಕರಣಗಳಿಗೆ ಖರ್ಚಾಗುವ ಹಣದ ಮೊತ್ತವನ್ನು ನೀವೇ ಕೂಡಿಸಿ ನೋಡಿ. ನಾನು ಉದಾಹರಿಸಿದ ಅರ್ಧ ಸೈಟಿನ ಬೆಲೆಯನ್ನು ಅದು ಎಷ್ಟೋ ಸಲ ಮುಟ್ಟುತ್ತದೆ. ಸಾವಿರ ಜನರಿಗೆ ಊಟ ಹಾಕಿ ಮದುವೆಯಾದ ಹುಡುಗ ಮರುದಿನ ವಧುವನ್ನು ಕರೆತರುವುದು ಹಗ್ಗಕ್ಕೆ ಇಳಿಬಿಟ್ಟ ಆ ಸೀರೆಯ ಹಿಂದಕ್ಕೆ. ವರದಕ್ಷಿಣೆಯ ಮಂಚವನ್ನು ಹಾಕಲು ಮನೆಯಲ್ಲಿ ಜಾಗವಿಲ್ಲದೆ ಅದನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ ಮನೆಯನ್ನು ನಾನು ಕಂಡಿದ್ದೇನೆ. ಆ ಹಣದಲ್ಲಿ ವಧುವಿನ ಹೆಸರಿಗೆ ಒಂದು ತುಂಡು ನೆಲ, ಇರುವ ಮನೆಯ ಮೇಲೆ ಒಂದು ಕೋಣೆ ಆಗುವುದಿದ್ದರೆ, ಯಾವುದು ಹೆಚ್ಚು ಗೌರವದ್ದು?

ಸಹೋದರ ಸಹೋದರಿಯರೇ, ಕಡೂರು ಅಗ್ಗವೋ ದುಬಾರಿಯೋ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಯಾರ ಜೇಬಿನಿಂದ ಅಳೆಯುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಬೆಂಗಳೂರಿನ ಸಂಬಳದಿಂದ ಅಳೆದರೆ ಅಗ್ಗ, ಇಲ್ಲಿನ ಕೂಲಿಯಿಂದ ಅಳೆದರೆ ದುಬಾರಿ. ಇಲ್ಲಿ ವಾಸಿಸುವವರು ಇಲ್ಲಿನ ಕೂಲಿಯಿಂದಲೇ ಬದುಕಬೇಕಾಗಿರುವುದರಿಂದ ಎರಡನೆಯ ಅಳತೆಯೇ ನಮ್ಮ ಅಳತೆ. ಇಂದು ಮನೆಗೆ ಹೋದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಕುಳಿತು, ಒಂದು ಹಾಳೆಯ ಮೇಲೆ ತಿಂಗಳ ಆದಾಯವನ್ನೂ ಮನೆಗಾಗಿ ಆಗುವ ಖರ್ಚನ್ನೂ ಬರೆದು ಭಾಗಿಸಿ ನೋಡಿ. ಮುಂದಿನ ಸಭೆಗೆ ಬರುವಾಗ ಆ ಹಾಳೆಯನ್ನು ಜೊತೆಗೆ ತನ್ನಿ. ನಮ್ಮ ಚರ್ಚೆ ಅಲ್ಲಿಂದ ಮುಂದುವರಿಯಲಿ.

ಪ್ರತಿಯೊಂದು ಕುಟುಂಬಕ್ಕೂ ನೆಮ್ಮದಿಯಿಂದ ಕಣ್ಣು ಮುಚ್ಚಲು ಒಂದು ಸೂರನ್ನು ಅಲ್ಲಾಹನು ಕರುಣಿಸಲಿ, ಇತರರ ಸೂರಿಗಾಗಿ ಶ್ರಮಿಸುವ ಮನಸ್ಸನ್ನು ನಮಗೆ ನೀಡಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.